ಮಂದ್ರಸ್ವರಕ್ಕೆ ಬಲ ಬಂದ ಬಗೆ

ಬೆಂಗಳೂರಿನಿಂದ ಯಲಹಂಕದ ಮೇಲೆ ದೊಡ್ಡಬಳ್ಳಾಪುರಕ್ಕೆ ಹೋಗುವವರಿಗೆ ಊರು ಇನ್ನೇನು ಬಂದಿತೆನ್ನುವಷ್ಟರಲ್ಲಿ ಬಾಶೆಟ್ಟಿಹಳ್ಳಿ ಸಿಕ್ಕುತ್ತದೆ. ಹೆಸರಿನಲ್ಲಿ ಹಳ್ಳಿಯಾದರೂ ಇದು ಈಗ ಕಾರ್ಖಾನೆಗಳ ಊರು. ಗಣೇಶನ ಹಬ್ಬದಲ್ಲಿ, ರಾಜ್ಯೋತ್ಸವದ ತಿಂಗಳಲ್ಲಿ ಈ ಸೀಮೆಯ ಊರುಗಳಲ್ಲಿ ಶಾಮಿಯಾನ ಹಾಕಿ ‘ರಸಮಂಜರಿ’ ನಡೆಸುವುದು ವಾಡಿಕೆ. ಒಂದು ಕೀಬೋರ್ಡು, ತಬಲಾ, ರಿದಂ ಪ್ಯಾಡು, ಗಿಟಾರು, ಇಬ್ಬರು ಮೂವರು ಹಾಡುವವರು, ಇಷ್ಟಿದ್ದರೆ ತಂಡ ಸಿದ್ಧ. ಸ್ವಲ್ಪ ಅನುಕೂಲವುಳ್ಳ ತಂಡವಾದರೆ ವೇದಿಕೆಯ ಒಂದು ಮೂಲೆಯಲ್ಲಿ ನಾಲ್ಕು ದಪ್ಪ ತಂತಿಗಳ ಬೇಸ್ ಗಿಟಾರ್ ಹಿಡಿದವನೊಬ್ಬ ನಿಂತಿರುತ್ತಾನೆ. ಸಭಿಕರ ಕಣ್ಣು ಅವನ ಮೇಲೆ ಬೀಳುವುದು ಕಡಮೆ. ಅವನು ಕೈ ನಿಲ್ಲಿಸಿದರೆ ಮಾತ್ರ ಹಾಡು ನೆಲ ಬಿಟ್ಟು ತೇಲಿದಂತಾಗಿ, ಏನೋ ಕಡಮೆಯಾಯಿತೆಂಬುದು ಎಲ್ಲರಿಗೂ ತಿಳಿಯುತ್ತದೆ.

ಇಂಥ ತಂಡಕ್ಕೆ ಸೇರುವ ತರುಣನ ಮುಂದೆ ಮೊದಲು ಏಳುವ ಪ್ರಶ್ನೆ ಯಾವ ವಾದ್ಯ ಕೊಳ್ಳಬೇಕು, ಎಷ್ಟು ವಾಟಿನ ಆಂಪ್ಲಿಫೈಯರ್ ಬೇಕು ಎಂಬುದು. ಅಂಗಡಿಗೆ ಹೋದರೆ ಹತ್ತಾರು ಹೆಸರುಗಳನ್ನು ಹೇಳುತ್ತಾರೆ. ನಾನು ಕನ್ನಡ ಪಾಠ ಹೇಳುವವನು. ಅಂಗಡಿಯ ವಿಷಯ ನನ್ನದಲ್ಲ. ಆದರೆ ಕೊನೆಯ ಸಾಲಿನಲ್ಲಿ ಕುಳಿತವನಿಗೂ ಕೇಳುವಂತೆ ನುಡಿಸುವುದು ಹೇಗೆ ಎಂಬ ಚಿಂತೆ ನಮ್ಮ ನಾಡಿನ ಸಂಗೀತಗಾರರಿಗೆ ಹೊಸದಲ್ಲ. ಅದಕ್ಕೊಂದು ಚರಿತ್ರೆಯಿದೆ. ಆ ಚರಿತ್ರೆಯನ್ನು ತಿಳಿದರೆ ಕೊಳ್ಳುವವನ ಕೆಲಸವೂ ಒಂದಿಷ್ಟು ಹಗುರವಾದೀತೆಂದು ನನ್ನ ನಂಬಿಕೆ.

ವಿದ್ಯುಚ್ಛಕ್ತಿ ಬರುವ ಮುನ್ನ ವಾದ್ಯವನ್ನು ಆರಿಸುತ್ತಿದ್ದುದು ಸ್ಥಳ. ಬಯಲಿಗೆ ಒಂದು ಬಗೆ, ಮನೆಯೊಳಗೆ ಇನ್ನೊಂದು ಬಗೆ. ಮದುವೆಯ ಮೆರವಣಿಗೆಗೆ ಓಲಗ, ಊರಹಬ್ಬಕ್ಕೆ ತಮಟೆ, ಬಯಲಾಟಕ್ಕೆ ಚೆಂಡೆ. ಕರಾವಳಿಯಲ್ಲಿ ಯಕ್ಷಗಾನದ ಚೆಂಡೆಯ ಪೆಟ್ಟು ಗದ್ದೆಗಳನ್ನು ದಾಟಿ ಆಚೆಯ ಊರಿಗೂ ಆಟದ ಸುದ್ದಿ ಮುಟ್ಟಿಸುತ್ತಿತ್ತು. ನಾಟಕ ಕಂಪನಿಗಳಲ್ಲಿ ನಟರು ಏರುಶ್ರುತಿಯಲ್ಲಿ ಹಾಡುವುದನ್ನೇ ಅಭ್ಯಾಸ ಮಾಡಿದರು. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯಂಥ ಸಂಸ್ಥೆಗಳ ದೊಡ್ಡ ಡೇರೆಗಳಲ್ಲಿ ಹಿಂದಿನ ಬೆಂಚಿನವನೂ ಕಾಸು ಕೊಟ್ಟೇ ಬಂದವನು. ಅವನಿಗೆ ಮಾತು ಕೇಳದಿದ್ದರೆ ಕಂಪನಿ ಉಳಿಯುವಂತಿರಲಿಲ್ಲ. ಕಾಲು ಹಾರ್ಮೋನಿಯಂ ನಾಟಕದ ಜೊತೆಗಾರನಾದದ್ದಕ್ಕೆ ಅದರ ಗಟ್ಟಿ ದನಿಯೂ ಒಂದು ಕಾರಣ.

ಈ ಏರ್ಪಾಡಿನಲ್ಲಿ ನಷ್ಟಕ್ಕೆ ಗುರಿಯಾದುದು ಮಂದ್ರಸ್ಥಾಯಿ. ಎತ್ತರದ ಸ್ವರವನ್ನು ನಮ್ಮ ಕಿವಿ ಬಲು ಬೇಗ ಹಿಡಿಯುತ್ತದೆ. ತಗ್ಗಿನ ಸ್ವರ ಅದೇ ಗಟ್ಟಿಯಲ್ಲಿ ಕೇಳಬೇಕಾದರೆ ಗಾಳಿಯನ್ನು ಬಹಳ ಹೆಚ್ಚಾಗಿ ಅಲುಗಿಸಬೇಕು. 1933ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ ಎಂಬಿಬ್ಬರು ಇದನ್ನು ಅಳೆದು ತೋರಿಸಿದರು. ನಮ್ಮವರಿಗೆ ಇದು ಅಳತೆಯಿಲ್ಲದೆಯೇ ಅನುಭವದಿಂದ ಗೊತ್ತಿತ್ತು. ಡೊಳ್ಳಿನಂಥ ತಗ್ಗುದನಿಯ ವಾದ್ಯಕ್ಕೆ ಅಷ್ಟು ದೊಡ್ಡ ಹೊಟ್ಟೆಯಿರುವುದೂ, ತಂಬೂರಿಗೆ ಅಷ್ಟು ದೊಡ್ಡ ಬುರುಡೆಯಿರುವುದೂ ಸುಮ್ಮನೆ ಅಲ್ಲ.

ಬಾಶೆಟ್ಟಿಹಳ್ಳಿಯಿರುವ ದೊಡ್ಡಬಳ್ಳಾಪುರ ತಾಲ್ಲೂಕಿನಲ್ಲಿಯೇ ಸಿಂಪಾಡಿಪುರವೆಂಬ ಊರಿದೆ. ಹಲಸಿನ ಮರದಿಂದ ವೀಣೆ ಮಾಡುವುದಕ್ಕೆ ಹೆಸರಾದ ಊರು ಅದು. ಅಲ್ಲಿನ ವೀಣೆಯೆಂದರೆ ಪೆನ್ನ ಓಬಳಯ್ಯನವರ ಹೆಸರೂ ಜೊತೆಗೇ ಬರುತ್ತದೆ. ವೀಣೆಗೆ ನುಡಿಸುವ ತಂತಿ ನಾಲ್ಕು, ತಾಳಕ್ಕೆ ಮೂರು, ಮೆಟ್ಟುಗಳು 24. ಮಂದ್ರದಲ್ಲಿ ಅದರ ಗಾಂಭೀರ್ಯಕ್ಕೆ ಸಾಟಿಯಿಲ್ಲ. ಆದರೆ ಅದು ಹತ್ತು ಮಂದಿ ಸುತ್ತ ಕುಳಿತು ಕೇಳಲೆಂದು ಹುಟ್ಟಿದ ವಾದ್ಯ. ಅರಮನೆಯ ತೊಟ್ಟಿಯಿಂದಲೂ ಮನೆಯ ಪಡಸಾಲೆಯಿಂದಲೂ ಹೊರಟು ಸಾವಿರ ಜನರ ಸಭಾಂಗಣಕ್ಕೆ ಸಂಗೀತ ಬಂದಾಗ ವೀಣೆಯ ಮೆಲುದನಿ ಮುಂದಿನ ಸಾಲಿನಲ್ಲಿಯೇ ನಿಂತುಹೋಗುವಂತಾಯಿತು.

ಈ ಕಷ್ಟಕ್ಕೆ ಕನ್ನಡನಾಡಿನ ಒಬ್ಬ ವಿದ್ವಾಂಸರು ಕೊಟ್ಟ ಉತ್ತರ ನಮ್ಮ ಸಂಗೀತದ ಚರಿತ್ರೆಯಲ್ಲಿ ಒಂದು ಅಪೂರ್ವ ಅಧ್ಯಾಯ. ಅವರು ತಿರುಮಕೂಡಲು ಚೌಡಯ್ಯನವರು. ಕಾವೇರಿ ಕಪಿಲೆಯರು ಕೂಡುವ ತಿರುಮಕೂಡಲಿನವರು. ಮೈಸೂರಿನಲ್ಲಿ ಬಿಡಾರಂ ಕೃಷ್ಣಪ್ಪನವರ ಕಠಿಣ ಶಿಕ್ಷಣದಲ್ಲಿ ಬೆಳೆದವರು. ಪಿಟೀಲು ಪಕ್ಕವಾದ್ಯ. ಗಾಯಕರ ಕಂಠಕ್ಕೂ ಮೃದಂಗದ ನಾದಕ್ಕೂ ನಡುವೆ ಕುಳಿತು, ಮೈಕಿಲ್ಲದ ಸಭೆಯಲ್ಲಿ, ಕೊನೆಯ ಸಾಲಿಗೆ ಕೇಳುವಂತೆ ನುಡಿಸಬೇಕು. ಇಂಥ ಸಭೆಗಳ ಅನುಭವದಿಂದ ಚೌಡಯ್ಯನವರು 1927ರಲ್ಲಿ ಪಿಟೀಲಿನ ನಾಲ್ಕು ತಂತಿಗಳ ಜೊತೆಗೆ ಇನ್ನೂ ಮೂರನ್ನು ಸೇರಿಸಿ ಏಳು ತಂತಿಯ ಪಿಟೀಲನ್ನು ಬಳಕೆಗೆ ತಂದರು. ಒಂದೇ ಸ್ವರ ಎರಡು ಸ್ಥಾಯಿಗಳಲ್ಲಿ ಜೋಡಿಯಾಗಿ ನುಡಿಯುವಂತೆ ತಂತಿಗಳನ್ನು ಶ್ರುತಿಮಾಡಿ, ಒಂದೇ ಕಮಾನಿನ ಎಳೆತದಲ್ಲಿ ಎರಡನ್ನೂ ಹಿಡಿಯುವುದು ಇದರ ಗುಟ್ಟು. ಮೇಲಿನ ಸ್ವರದ ತೀಕ್ಷ್ಣತೆಯ ಅಡಿಯಲ್ಲಿ ತಗ್ಗಿನ ಸ್ವರದ ತುಂಬು ನಾದ ಸೇರಿ ವಾದ್ಯ ಸಭೆಯನ್ನೆಲ್ಲ ವ್ಯಾಪಿಸುತ್ತಿತ್ತು.

ಇದು ಸುಲಭದ ಉಪಾಯವಾಗಿರಲಿಲ್ಲವೆಂಬುದನ್ನು ಗಮನಿಸಬೇಕು. ತಂತಿಗಳು ಹೆಚ್ಚಿದಷ್ಟೂ ವಾದ್ಯದ ಮೇಲೆ ಬೀಳುವ ಬಿಗಿ ಹೆಚ್ಚು. ಜೋಡಿತಂತಿಗಳಲ್ಲಿ ಒಂದು ಕೂದಲೆಳೆಯಷ್ಟು ಶ್ರುತಿ ತಪ್ಪಿದರೂ ನಾದ ಕೆಡುತ್ತದೆ. ಎರಡನ್ನೂ ಒಟ್ಟಿಗೆ ಒತ್ತುವ ಬೆರಳಿಗೆ ಬಲವಿರಬೇಕು, ಕಮಾನು ಹಿಡಿದ ಕೈಗೆ ಇನ್ನೂ ಹೆಚ್ಚಿನ ಬಲ ಬೇಕು. ಬಲವನ್ನು ಹೊರಗಿನಿಂದ ತರುವ ದಾರಿ ಇರಲಿಲ್ಲವಾದ್ದರಿಂದ ಅದನ್ನು ವಾದ್ಯದಲ್ಲಿಯೂ ತಮ್ಮ ತೋಳಿನಲ್ಲಿಯೂ ಅವರು ಹುಡುಕಿಕೊಂಡರು. 1957ರಲ್ಲಿ ಮದರಾಸಿನ ಸಂಗೀತ ಅಕಾಡೆಮಿಯ ‘ಸಂಗೀತ ಕಲಾನಿಧಿ’ ಪ್ರಶಸ್ತಿ ಅವರಿಗೆ ಸಂದಿತು. 1967ರಲ್ಲಿ ಅವರು ತೀರಿಕೊಂಡರು.

ಹೊರಗಿನ ಬಲ ಬಂದದ್ದು ವಿದ್ಯುತ್ತಿನ ರೂಪದಲ್ಲಿ. ಮೈಸೂರು ಸಂಸ್ಥಾನ ಈ ವಿಷಯದಲ್ಲಿ ಹಿಂದೆ ಬಿದ್ದಿರಲಿಲ್ಲ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಹತ್ತಿತು. 1935ರಲ್ಲಿ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದಲೇ ಬಾನುಲಿ ಕೇಂದ್ರವೊಂದನ್ನು ನಡೆಸಲು ತೊಡಗಿದರು. ‘ಆಕಾಶವಾಣಿ’ ಎಂಬ ಹೆಸರು ನಮಗೆ ಬಂದದ್ದು ಅಲ್ಲಿಂದ. ಆ ಕೇಂದ್ರದ ಪ್ರೇಷಕದ ಶಕ್ತಿ 30 ವಾಟು. ಬಾನುಲಿಯ ವಾಟಿಗೂ ಆಂಪ್ಲಿಫೈಯರಿನ ವಾಟಿಗೂ ಕೆಲಸ ಬೇರೆಯೆಂಬುದು ನಿಜ. ಆದರೂ ಇಂದು ರಸಮಂಜರಿಯ ಹುಡುಗನ ಹಿಂದಿರುವ ಒಂದು ಪೆಟ್ಟಿಗೆ 300 ವಾಟಿನದೆಂದು ನೆನೆದರೆ ಕಾಲ ಎಷ್ಟು ದೂರ ಬಂದಿತೆಂದು ಅನ್ನಿಸದಿರದು.

ಸಭೆಗಳಿಗೆ ಮೈಕು ಬಂದ ಮೇಲೆ ಗಾಯಕರಿಗೆ ಏರುಶ್ರುತಿಯ ಬಲವಂತ ತಪ್ಪಿತು. ತಮ್ಮ ಕಂಠಕ್ಕೆ ಹೊಂದುವ ಶ್ರುತಿಯಲ್ಲಿ, ಮಂದ್ರದ ಸಂಚಾರಗಳನ್ನು ನಿರಾತಂಕವಾಗಿ ಹಾಡುವುದು ಸಾಧ್ಯವಾಯಿತು. ವೀಣೆಯ ಮೈಗೆ ಚಿಕ್ಕ ಮೈಕನ್ನು ಅಂಟಿಸಿ ದೊಡ್ಡ ಸಭೆಯಲ್ಲಿ ನುಡಿಸುವವರು ಬಂದರು. ಇದು ದೊಡ್ಡ ಲಾಭ. ಜೊತೆಗೆ ಒಂದು ನಷ್ಟವೂ ಆಯಿತು. ಏಳು ತಂತಿಯ ಪಿಟೀಲಿನ ಅವಶ್ಯಕತೆ ಇಲ್ಲವಾಗಿ, ಆ ಕಷ್ಟದ ವಾದ್ಯವನ್ನು ಹಿಡಿಯುವವರು ಅಪರೂಪವಾದರು. ನಾಲ್ಕು ತಂತಿಯ ಪಿಟೀಲೇ ಮತ್ತೆ ಸಭೆಯನ್ನು ಆಳಿತು.

ಹೆಚ್ಚುಕಡಮೆ ಇದೇ ತೊಂದರೆ ಪಶ್ಚಿಮದಲ್ಲಿಯೂ ಎದ್ದಿತ್ತು. ಅಲ್ಲಿ ನೃತ್ಯಶಾಲೆಗಳ ವಾದ್ಯಮೇಳದಲ್ಲಿ ಮಂದ್ರವನ್ನು ನುಡಿಸುತ್ತಿದ್ದುದು ‘ಡಬಲ್ ಬೇಸ್’ ಎಂಬ, ಆಳೆತ್ತರವನ್ನೂ ಮೀರಿದ ಪಿಟೀಲಿನ ಜಾತಿಯ ವಾದ್ಯ. ಅದನ್ನು ಸಾಗಿಸುವುದೇ ಒಂದು ಸಾಹಸ. ಸಾಗಿಸಿದರೂ ಡ್ರಮ್ಮು ತುತ್ತೂರಿಗಳ ನಡುವೆ ಅದರ ದನಿ ಮುಳುಗುತ್ತಿತ್ತು. 1930ರ ದಶಕದಲ್ಲಿ ಸಿಯಾಟಲ್ ನಗರದ ಪಾಲ್ ಟಟ್‌ಮಾರ್ಕ್ ಎಂಬುವನು ವಿದ್ಯುತ್ತಿನ ಬೇಸ್ ಗಿಟಾರನ್ನು ಮಾಡಿದನಾದರೂ ಅದು ಹರಡಲಿಲ್ಲ. 1951ರಲ್ಲಿ ಕ್ಯಾಲಿಫೋರ್ನಿಯಾದ ಲಿಯೋ ಫೆಂಡರ್ ಮಾರಾಟಕ್ಕಿಟ್ಟ ‘ಪ್ರಿಸಿಷನ್ ಬೇಸ್’ ಜಗತ್ತನ್ನು ಗೆದ್ದಿತು. ಈ ಫೆಂಡರ್ ರೇಡಿಯೋ ರಿಪೇರಿಯ ಅಂಗಡಿಯಿಂದ ಮೇಲೆ ಬಂದವನು. ಸ್ವತಃ ಗಿಟಾರ್ ನುಡಿಸಲು ಬಲ್ಲವನಲ್ಲ. ಡಬಲ್ ಬೇಸಿಗೆ ಮೆಟ್ಟುಗಳಿಲ್ಲ. ಇವನು ಮೆಟ್ಟು ಹಾಕಿದ. ಬೆರಳಿಟ್ಟಲ್ಲಿ ಸ್ವರ ತಪ್ಪುವುದಿಲ್ಲವೆಂದು ಅದಕ್ಕೆ ‘ನಿಖರ’ವೆಂಬ ಅರ್ಥದ ಆ ಹೆಸರು. ವೀಣೆಯನ್ನು ಕಂಡ ನಮಗೆ ಇದರಲ್ಲಿ ಆಶ್ಚರ್ಯವೇನೂ ತೋರದು.

ವಾದ್ಯವೊಂದರಿಂದಲೇ ಕೆಲಸ ಮುಗಿಯಲಿಲ್ಲ. ತಂತಿಯ ಕೆಳಗಿನ ಅಯಸ್ಕಾಂತ ಹಿಡಿದ ಸಣ್ಣ ವಿದ್ಯುತ್ತನ್ನು ದೊಡ್ಡದು ಮಾಡಬೇಕು. 1952ರಲ್ಲಿ ಫೆಂಡರ್ ಕಂಪನಿಯೇ ‘ಬಾಸ್‌ಮನ್’ ಎಂಬ ಆಂಪ್ಲಿಫೈಯರನ್ನು ಹೊರತಂದಿತು. ಸಭೆಗಳು ಮೈದಾನಗಳಾದಾಗ ಅದೂ ಸಾಲದಾಯಿತು. 1969ರಲ್ಲಿ ಆಂಪೆಗ್ ಕಂಪನಿ 300 ವಾಟಿನ ‘ಎಸ್‌ವಿಟಿ’ಯನ್ನು ತಂದಿತು. ಅದು ಗಾಜಿನ ವಾಲ್ವುಗಳಿಂದ ತುಂಬಿದ, ಇಬ್ಬರು ಹೊರುವಷ್ಟು ಭಾರದ ಯಂತ್ರ. ಅದರ ಕೆಳಗೆ ಒಂದೊಂದರಲ್ಲಿ ಹತ್ತಂಗುಲದ ಎಂಟೆಂಟು ಸ್ಪೀಕರುಗಳ ಪೆಟ್ಟಿಗೆಗಳು.

ನಮ್ಮ ಊರುಗಳಿಗೆ ಬೇಸ್ ಗಿಟಾರ್ ತಡವಾಗಿ ಬಂದುದಕ್ಕೆ ಹಣದ ಅಭಾವವೊಂದೇ ಕಾರಣವಲ್ಲವೆಂದು ನನಗೆ ತೋರುತ್ತದೆ. ಬಹುಕಾಲ ನಮ್ಮಲ್ಲಿ ಧ್ವನಿವರ್ಧಕವೆಂದರೆ ಮರಕ್ಕೋ ಕಂಬಕ್ಕೋ ಕಟ್ಟಿದ, ಹೂವಿನಾಕಾರದ ತಗಡಿನ ಕೊಳವೆ. ಮಾತಿಗೂ ಹರಿಕಥೆಗೂ ಅದು ಸಾಕು, ದೂರಕ್ಕೂ ಮುಟ್ಟುತ್ತದೆ. ಆದರೆ ತಗ್ಗಿನ ಸ್ವರಗಳನ್ನು ಅದು ಹೊರಡಿಸಲಾರದು. ಅದರ ಮೂಲಕ ಬೇಸ್ ಗಿಟಾರ್ ನುಡಿಸಿದರೆ ತಂತಿಯ ಸದ್ದು ಕೇಳೀತೇ ಹೊರತು ಸ್ವರದ ತಳ ಕೇಳುವುದಿಲ್ಲ. ದೊಡ್ಡ ಸ್ಪೀಕರುಗಳ ಮರದ ಪೆಟ್ಟಿಗೆಗಳು ಶಾಮಿಯಾನಕ್ಕೆ ಬಂದ ಮೇಲೆಯೇ ಆ ವಾದ್ಯಕ್ಕೆ ಇಲ್ಲಿ ಅರ್ಥ ಬಂದಿತು.

ಅಷ್ಟರಲ್ಲಿ ಸಿನಿಮಾ ಸಂಗೀತ ನಮ್ಮ ಕಿವಿಯನ್ನು ಸಿದ್ಧಗೊಳಿಸಿತ್ತು. ಶಂಕರ್ ನಾಗ್ ಅವರ 1981ರ ‘ಗೀತಾ’ ಚಿತ್ರಕ್ಕೆ ಇಳಯರಾಜಾ ಸಂಗೀತ ಕೊಟ್ಟರು. ಆ ಚಿತ್ರದ ಹಾಡುಗಳನ್ನು ರಸಮಂಜರಿಯಲ್ಲಿ ನುಡಿಸಹೊರಟವರಿಗೆ, ಅವುಗಳಲ್ಲಿ ಬೇಸ್ ಗಿಟಾರ್ ತಾಳದ ಜೊತೆಗೆ ಸುಮ್ಮನೆ ಹೆಜ್ಜೆ ಹಾಕದೆ ತನ್ನದೇ ಒಂದು ರಾಗವನ್ನು ಹಾಡುತ್ತಿದೆಯೆಂಬುದು ಬೇಗನೆ ತಿಳಿಯುತ್ತದೆ. 2007ರಲ್ಲಿ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದ ‘ಐರನ್ ಮೇಡನ್’ ತಂಡವನ್ನು ಕಟ್ಟಿದವನೇ ಬೇಸ್ ಗಿಟಾರಿನ ಸ್ಟೀವ್ ಹ್ಯಾರಿಸ್. ಶಿಶುನಾಳ ಶರೀಫರ ಪದಗಳನ್ನು ಹೊರದೇಶದ ವೇದಿಕೆಗಳಿಗೆ ಒಯ್ದ ರಘು ದೀಕ್ಷಿತ್ ಅವರ ತಂಡದಲ್ಲಿಯೂ ಬೇಸ್ ಗಿಟಾರಿಗೆ ಸ್ಥಾನವುಂಟು. ಏಕತಾರಿಯ ಒಂದೇ ಶ್ರುತಿಯ ಮೇಲೆ ನಿಂತ ಪದಗಳಿಗೆ ಮಂದ್ರದ ಆಧಾರ ಅಸಹಜವಾಗಿ ಕೇಳುವುದಿಲ್ಲ.

ಇನ್ನು ಕೊಳ್ಳುವವನ ಮಾತು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬಾಶೆಟ್ಟಿಹಳ್ಳಿಯ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದಾನೆ. ಸಂಬಳದಲ್ಲಿ ತಿಂಗಳು ತಿಂಗಳು ಉಳಿಸಿ ಬೇಸ್ ಗಿಟಾರ್ ಕೊಳ್ಳಲು ಹೊರಟವನು, ‘ಹೆಸರಿನದೇ ತೊಗೊಳ್ಳಲೇ ಸಾರ್, ಸಾಲ ಆದರೂ ಚಿಂತೆಯಿಲ್ಲ’ ಎಂದ. ಊರಿನಲ್ಲಿ ತಂದೆತಾಯಿಗೆ ಹಣ ಕಳುಹಿಸಬೇಕಾದ ಹುಡುಗ ಅವನು. ಹೆಸರಿನ ವಾದ್ಯಕ್ಕೆ ಸಾಲ ಮಾಡುವ ಮುನ್ನ ನೀನು ನುಡಿಸುವ ಸ್ಥಳವೆಂಥದು, ಅಲ್ಲಿ ಸ್ಪೀಕರ್ ತರುವವರು ಯಾರು ಎಂಬುದನ್ನು ಮೊದಲು ನೋಡಪ್ಪಾ ಎಂದೆ. ಬಲ್ಲವರನ್ನು ಕೇಳಿ ತಿಳಿದು ನಾನು ಅವನಿಗೆ ಹೇಳಿದ್ದನ್ನು ಇಲ್ಲಿ ಸಂಗ್ರಹವಾಗಿ ಕೊಡುತ್ತೇನೆ.

ಬೇಸ್ ಗಿಟಾರಿನ ಅತಿ ದಪ್ಪ ತಂತಿ ಒಂದು ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಗಾಳಿಯಲ್ಲಿ ಆ ಅಲೆಯ ಉದ್ದ ಸುಮಾರು 27 ಅಡಿ. ಇಷ್ಟು ಉದ್ದದ ಅಲೆಯನ್ನು ಸಣ್ಣ ಸ್ಪೀಕರ್ ಎಬ್ಬಿಸಲಾರದು. ಹತ್ತು, ಹನ್ನೆರಡು ಅಥವಾ ಹದಿನೈದು ಅಂಗುಲದ್ದು ಬೇಕು. ವಾಟಿನ ಲೆಕ್ಕದಲ್ಲಿಯೂ ಭ್ರಮೆ ಬೇಡ. 100 ವಾಟಿನ ಬದಲು 200 ವಾಟಾದರೆ ಸದ್ದು ಎರಡರಷ್ಟಾಗುವುದಿಲ್ಲ. ಏರುವುದು ಕೇವಲ 3 ಡೆಸಿಬೆಲ್. ಕಿವಿಗೆ ಎರಡರಷ್ಟು ಗಟ್ಟಿಯಾಗಿ ಕೇಳಬೇಕಾದರೆ ಶಕ್ತಿ ಸುಮಾರು ಹತ್ತರಷ್ಟಾಗಬೇಕು. ಆದ್ದರಿಂದಲೇ ಸಾಮಾನ್ಯ ಗಿಟಾರಿಗೆ 50 ವಾಟು ಸಾಕಾಗುವ ಕಡೆ ಬೇಸಿಗೆ 200, 300 ವಾಟು ಬೇಕಾಗುತ್ತದೆ.

ಹಾಗೆಂದು ಎಲ್ಲರೂ 300 ವಾಟಿನದನ್ನೇ ಕೊಳ್ಳಬೇಕೆಂದಲ್ಲ. ರಸಮಂಜರಿಗೆ ಸೌಂಡ್ ಸಿಸ್ಟಮ್‌ನವರು ದೊಡ್ಡ ಪೆಟ್ಟಿಗೆಗಳನ್ನು ತರುತ್ತಾರೆ. ಅಂಥ ಕಡೆ ‘ಡಿ.ಐ. ಬಾಕ್ಸ್’ ಎಂಬ ಅಂಗೈಯಗಲದ ಡಬ್ಬಿಯಿಂದ ಗಿಟಾರನ್ನು ನೇರವಾಗಿ ಅವರ ಮಿಕ್ಸರಿಗೆ ಕೊಡಬಹುದು. ತನಗೆ ತಾನು ಕೇಳಿಸಿಕೊಳ್ಳಲು ಸಣ್ಣ ಆಂಪ್ಲಿಫೈಯರ್ ಸಾಕು. ಸೌಂಡಿನವರಿಲ್ಲದ ಕಡೆ ನುಡಿಸುವವನಿಗೆ ಮಾತ್ರ ಸ್ವಂತ ದೊಡ್ಡ ಯಂತ್ರ ಬೇಕು. ಈಗ ಎರಡು ಮೂರು ಕಿಲೋ ತೂಕದಲ್ಲಿಯೇ 300 ವಾಟಿನವು ಬಂದಿರುವುದರಿಂದ ಬಸ್ಸಿನಲ್ಲಿಯೂ ಒಯ್ಯಬಹುದು. ಪೆಟ್ಟಿಗೆ ಜೋಡಿಸುವಾಗ ಓಮಿನ ಲೆಕ್ಕ ತಪ್ಪಬಾರದು: 8 ಓಮಿನ ಎರಡು ಪೆಟ್ಟಿಗೆಗಳನ್ನು ಸಮಾಂತರವಾಗಿ ಜೋಡಿಸಿದರೆ ಒಟ್ಟು 4 ಓಮಾಗುತ್ತದೆ. ಆಂಪ್ಲಿಫೈಯರ್ ಅದನ್ನು ತಾಳುವಂಥದೇ ಎಂದು ಅದರ ಬೆನ್ನಿನ ಮೇಲೆ ಬರೆದಿರುವುದನ್ನು ನೋಡಿಕೊಳ್ಳಬೇಕು.

ವಾದ್ಯದಲ್ಲಿ ನೋಡಬೇಕಾದುದು ಕತ್ತು ನೇರವಾಗಿದೆಯೇ, ಎಲ್ಲ ಮೆಟ್ಟುಗಳಲ್ಲಿ ಸ್ವರ ಗಿಲುಕದೆ ನುಡಿಯುತ್ತದೆಯೇ, ಮೂರು ಗಂಟೆ ಹೆಗಲಿಗೆ ಹಾಕಿ ನಿಲ್ಲಬಹುದಾದ ತೂಕವೇ ಎಂಬುದು. ತಂತಿಯ ಉದ್ದ ಸಾಮಾನ್ಯವಾಗಿ 34 ಅಂಗುಲ. ಕೈ ಚಿಕ್ಕದಾದವರಿಗೆ 30 ಅಂಗುಲದ್ದೂ ದೊರೆಯುತ್ತದೆ. ಒಳಗೆ ಬ್ಯಾಟರಿ ಇರುವ ವಾದ್ಯವಾದರೆ 9 ವೋಲ್ಟಿನ ಹೊಸ ಬ್ಯಾಟರಿಯೊಂದು ಯಾವಾಗಲೂ ಚೀಲದಲ್ಲಿರಬೇಕು. ಅಗಲವಾದ ಹೆಗಲಪಟ್ಟಿ, ಒಂದು ಟ್ಯೂನರ್, ಒಂದು ಜೊತೆ ಹೆಚ್ಚಿನ ತಂತಿ, ಎರಡು ಒಳ್ಳೆಯ ಕೇಬಲ್ಲು, ಇವಿಷ್ಟು ಸಣ್ಣ ಖರ್ಚಿನವು; ಆದರೆ ಕಾರ್ಯಕ್ರಮ ನಿಂತುಹೋಗುವುದು ಬಹುಮಟ್ಟಿಗೆ ಇವುಗಳಿಂದಲೇ. ಜನರೇಟರಿನ ವಿದ್ಯುತ್ತು ಬಳಸುವ ಕಡೆ ಅರ್ತಿಂಗ್ ಸರಿಯಿದೆಯೇ ಎಂದು ಮೊದಲೇ ಕೇಳಬೇಕು. ಅರ್ತಿಂಗ್ ಇಲ್ಲದಿದ್ದರೆ ಗುಂಯ್‌ಗುಡುವ ಸದ್ದು ಬರುವುದಷ್ಟೇ ಅಲ್ಲ, ಮೈಕಿಗೆ ತುಟಿ ತಾಗಿದವನಿಗೆ ಷಾಕು ಹೊಡೆದು ಪ್ರಾಣಕ್ಕೇ ಅಪಾಯವಾದೀತು.

ಬಲ ಸುಲಭವಾಗಿ ಸಿಕ್ಕಿದಾಗ ಅದನ್ನು ಮಿತಿಮೀರಿ ಬಳಸುವ ಆಸೆಯೂ ಹುಟ್ಟುತ್ತದೆ. ಮಂದ್ರದ ಅಲೆಗೆ ಗೋಡೆ ಅಷ್ಟಾಗಿ ಅಡ್ಡಬರುವುದಿಲ್ಲ. ಶಾಮಿಯಾನದಲ್ಲಿ ಕುಣಿಯುವವರಿಗೆ ಹಿತವೆನಿಸಿದ ಸದ್ದು ಪಕ್ಕದ ಬೀದಿಯಲ್ಲಿ ರಾತ್ರಿಪಾಳಿ ಮುಗಿಸಿ ಮಲಗಿದವನ ಎದೆಯನ್ನು ಗುದ್ದುತ್ತಿರುತ್ತದೆ. 2000ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ 10ರಿಂದ ಬೆಳಗಿನ 6ರವರೆಗೆ ಧ್ವನಿವರ್ಧಕವನ್ನು ತಡೆದಿವೆ. ವಸತಿ ಪ್ರದೇಶಕ್ಕೆ ಹಗಲಿನಲ್ಲಿ 55, ರಾತ್ರಿ 45 ಡೆಸಿಬೆಲ್ ಎಂದು ಮಿತಿ ಹಾಕಿವೆ. ನಿಯಮಕ್ಕಿಂತಲೂ ಮೊದಲು ನುಡಿಸುವವನಿಗೇ ಈ ವಿವೇಕವಿರುವುದು ಲೇಸು. ಇನ್ನೊಂದು ಸಂಗತಿಯೂ ಇದೆ. ಮೈಕಿಲ್ಲದ ಕಾಲದಲ್ಲಿ ಸಭೆಗೆ ಎಷ್ಟು ಕೇಳಬೇಕೆಂಬುದನ್ನು ನಿರ್ಧರಿಸುತ್ತಿದ್ದವನು ವಾದ್ಯಗಾರ. ಈಗ ಆ ಅಧಿಕಾರ ಮಿಕ್ಸರಿನ ಗುಂಡಿ ತಿರುಗಿಸುವವನ ಕೈಗೆ ಹೋಗಿದೆ. ಕಾರ್ಯಕ್ರಮಕ್ಕೆ ಮುನ್ನ ಜೊತೆಗಾರರನ್ನು ನುಡಿಸಲು ಬಿಟ್ಟು, ತಾನು ಮೈದಾನದ ಕೊನೆಗೆ ನಡೆದುಹೋಗಿ ನಿಂತು ಕೇಳುವ ಬೇಸ್ ಗಿಟಾರಿನವನು ಆ ಅಧಿಕಾರದಲ್ಲಿ ಸ್ವಲ್ಪ ಪಾಲನ್ನಾದರೂ ಮರಳಿ ಪಡೆಯುತ್ತಾನೆ. ಅದಕ್ಕೆ ಒಂದು ಕಾಸಿನ ಖರ್ಚೂ ಇಲ್ಲ.

ಬೆಂಗಳೂರಿನಲ್ಲಿ ಚೌಡಯ್ಯನವರ ಹೆಸರಿನ ಸ್ಮಾರಕ ಭವನವಿದೆ. 1980ರಲ್ಲಿ ತೆರೆದ ಆ ಕಟ್ಟಡದ ಆಕಾರವೇ ಪಿಟೀಲಿನದು. ಅಲ್ಲಿಯೂ ಇಂದು ವೇದಿಕೆಯ ಮೇಲೆ ಮೈಕುಗಳಿರುತ್ತವೆ, ಇಕ್ಕೆಲಗಳಲ್ಲಿ ಸ್ಪೀಕರುಗಳಿರುತ್ತವೆ, ಇರಬೇಕಾದುದೂ ನ್ಯಾಯವೇ. ಆ ಸೌಕರ್ಯಗಳಿಲ್ಲದ ಕಾಲದಲ್ಲಿ ಕೊನೆಯ ಸಾಲಿನವನನ್ನು ನೆನೆದು ಮೂರು ತಂತಿಗಳನ್ನು ಹೆಚ್ಚಾಗಿ ಬಿಗಿದುಕೊಂಡವರ ಹೆಸರು ಆ ಬಾಗಿಲಿನ ಮೇಲಿದೆ. ಅಲ್ಲಿ ಕಚೇರಿಗೆ ಹೋದವರು ಒಮ್ಮೆ ಹಿಂದಿನ ಸಾಲಿನಲ್ಲಿ ಕುಳಿತು ಕೇಳಿ ನೋಡಬೇಕು.